ಬೀರುವಿನಲ್ಲಿ ಬ್ಯಾಗು, ಬ್ಯಾಗಿನಲ್ಲಿ ಬೂಷ್ಟು

ನನ್ನ ಮೇಜಿನ ಮೇಲೆ ಬ್ಯಾಗು ಇಟ್ಟ ಕೂಡಲೇ ಹೆಚ್ಚಿನವರು ಕೇಳುವ ಮಾತು: "ಈಗ ಇದಕ್ಕೆ ರೇಟು ಎಷ್ಟು ನಡೀತಿದೆ ಮೇಡಂ?" ಚಿನ್ನ ಕೊಂಡು, ಅಡವಿಟ್ಟು, ಮಾರಿ ಅಭ್ಯಾಸವಾದ ಜನ ನಾವು. ಅಲ್ಲಿ ಗೋಡೆಯ ಮೇಲೆ ಆ ದಿನದ ದರ ಬರೆದಿರುತ್ತದೆ, ತಕ್ಕಡಿಗೆ ಹಾಕುತ್ತಾರೆ, ಮಜೂರಿ ಹೋಯಿತಲ್ಲ ಎಂದು ಗೊಣಗಿಕೊಂಡು ದುಡ್ಡು ಎಣಿಸಿಕೊಂಡು ಬರುತ್ತೇವೆ. ಬ್ಯಾಗಿಗೆ ಅಂಥ ಬೋರ್ಡೂ ಇಲ್ಲ, ತಕ್ಕಡಿಯೂ ಇಲ್ಲ. ಅಕ್ಕತಂಗಿಯರು ಒಂದೇ ದಿನ, ಒಂದೇ ಮಳಿಗೆಯಲ್ಲಿ ಕೊಂಡ ಒಂದೇ ಮಾದರಿಯ ಎರಡು ಬ್ಯಾಗು ಕೆಲವು ವರ್ಷಗಳ ನಂತರ ನನ್ನೆದುರಿಗೆ ಬಂದವು. ಅಕ್ಕನದಕ್ಕೆ ತಂಗಿಯದರ ಅರ್ಧ ಬೆಲೆ ಹೇಳುವುದೂ ನನಗೆ ಕಷ್ಟವಾಯಿತು. ಅಕ್ಕ ಮುಖ ಊದಿಸಿಕೊಂಡು ಹೋದರು. ತಂಗಿಗೆ ಒಳಗೊಳಗೇ ಖುಷಿ.

ನಾನು ಮಂಗಳೂರಿನ ಕಡೆಯವಳು. ಬಳಸಿದ ದುಬಾರಿ ಬ್ಯಾಗುಗಳನ್ನು ಕೊಂಡು ಮಾರುವ ದುಬೈಯ ಒಂದು ಅಂಗಡಿಯಲ್ಲಿ ಈ ಕೆಲಸ ಕಲಿತೆ, ಈಗ ಬೆಂಗಳೂರಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. ಹೊರದೇಶಗಳಲ್ಲಿ ಇದು ಹಳೆಯ ವ್ಯಾಪಾರ. ಜಪಾನಿನ ನಗೋಯಾದ ಕೊಮೆಹ್ಯೊ 1947ರಲ್ಲಿ ಹಳೆ ಬಟ್ಟೆಯ ಅಂಗಡಿಯಾಗಿ ಶುರುವಾದದ್ದು. ಪ್ಯಾರಿಸ್ಸಿನ ವೆಸ್ಟಿಯೇರ್ ಕಲೆಕ್ಟಿವ್ 2009ರಲ್ಲಿ, ಅಮೆರಿಕದ ದಿ ರಿಯಲ್‌ರಿಯಲ್ 2011ರಲ್ಲಿ ಆನ್‌ಲೈನ್ ಮಾರಾಟ ಆರಂಭಿಸಿದವು. ನಮ್ಮಲ್ಲಿ ಈಗೀಗ ಬಿಸಿ ಏರುತ್ತಿದೆ. ಯುಬಿ ಸಿಟಿ ಮಾಲ್ 2008ರಲ್ಲಿ ತೆರೆದ ಹೊಸತರಲ್ಲಿ ಅಲ್ಲಿನ ಲೂಯಿ ವಿಟಾನ್ ಮಳಿಗೆಯಲ್ಲಿ ಕೊಂಡವರು, ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೋ ಲಂಡನ್ನಿಗೋ ಹೋದಾಗ ತಂದವರು, ಮದುವೆಯಲ್ಲಿ ಉಡುಗೊರೆ ಸಿಕ್ಕವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಮಗಳಿಗೆ ಅದು ಹಳೆ ಫ್ಯಾಷನ್, ಸೊಸೆಗೆ ಭಾರ, ತಮಗೆ ಭುಜನೋವು. ಅಷ್ಟು ದುಡ್ಡು ಕೊಟ್ಟದ್ದನ್ನು ಯಾರಿಗಾದರೂ ಸುಮ್ಮನೆ ಕೊಡಲು ಮನಸ್ಸು ಬರುವುದಿಲ್ಲ.

ಮೊದಲು ಒಂದು ಭ್ರಮೆಯ ವಿಷಯ. "ಚಿನ್ನಕ್ಕಿಂತ ಬ್ಯಾಗೇ ಒಳ್ಳೆಯ ಹೂಡಿಕೆ" ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, ತಮ್ಮ ಗುಚ್ಚಿ ಬ್ಯಾಗಿಗೆ ಕೊಂಡ ಬೆಲೆಗಿಂತ ಹೆಚ್ಚು ಕೇಳುವವರಿದ್ದಾರೆ. ಆ ಸುದ್ದಿಗಳು ಹೇಳುವುದು ಮುಖ್ಯವಾಗಿ ಹರ್ಮೆಸ್ ಕಂಪನಿಯ ಬರ್ಕಿನ್ ಮತ್ತು ಕೆಲ್ಲಿ ಎಂಬ ಎರಡು ಮಾದರಿಗಳ ಕಥೆ. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಿದ್ದ ನಟಿ ಜೇನ್ ಬರ್ಕಿನ್ ಜೊತೆ ಮಾತಾಡುತ್ತ ಆಗಿನ ಮುಖ್ಯಸ್ಥ ಜಾನ್-ಲೂಯಿ ದ್ಯೂಮಾ ಯೋಚಿಸಿದ ಬ್ಯಾಗು 1984ರಲ್ಲಿ ಬಂತು. ಅದನ್ನು ದುಡ್ಡಿದ್ದವರೆಲ್ಲ ಅಂಗಡಿಗೆ ಹೋಗಿ ಕೊಂಡುಬರಲು ಆಗುವುದಿಲ್ಲ. ಅದೇ ಕಂಪನಿಯ ಸ್ಕಾರ್ಫು, ಚಪ್ಪಲಿ, ಬಳೆ ಎಂದು ಕೊಳ್ಳುತ್ತ ಪರಿಚಯ ಬೆಳೆಸಿಕೊಂಡ ಗಿರಾಕಿಗೆ, ಅವರಿಗೆ ಮನಸ್ಸಾದಾಗ ಕೊಡುತ್ತಾರೆ. ಕಾಯಲು ಒಲ್ಲದವರು ಹೊರಗೆ ಹೆಚ್ಚು ಬೆಲೆ ತೆರುತ್ತಾರೆ. ಹರ್ಮೆಸ್ಸಿನವರು ಮಾಡಿಕೊಟ್ಟ ಮೊಟ್ಟಮೊದಲ ಬರ್ಕಿನ್ ಬ್ಯಾಗು, ಸ್ವತಃ ಜೇನ್ ಬರ್ಕಿನ್ ಬಳಸಿದ್ದು, 2025ರ ಜುಲೈ 10ರಂದು ಪ್ಯಾರಿಸ್ಸಿನ ಸೋದಬೀಸ್ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಕೊಂಡದ್ದು ಯಾರು ಗೊತ್ತೆ? ಜಪಾನಿನಲ್ಲಿ ಹಳೆ ಬ್ಯಾಗು ಮಾರುವ ವ್ಯಾಲ್ಯುಯೆನ್ಸ್ ಕಂಪನಿ. ಅದರ ಮೈಮೇಲೆ ಗೀರು, ಸ್ಟಿಕ್ಕರ್ ಕಿತ್ತ ಕಲೆ ಎಲ್ಲ ಇದ್ದವು. ಹಾಗೆಂದು ನಿಮ್ಮ ಬ್ಯಾಗಿನ ಗೀರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಬರ್ಕಿನ್ ಸಿಕ್ಕ ಮರುವಾರವೇ ಮಾರಿ ಲಾಭ ಮಾಡುತ್ತೇನೆ ಎಂಬ ಲೆಕ್ಕವೂ ಕೂಡಿದ್ದಲ್ಲ. ಗೊತ್ತಾದರೆ ಮುಂದಿನ ಸಲ ಮಳಿಗೆಯವರು ನಿಮಗೆ ನಗುಮುಖದಿಂದ ಕಾಫಿ ಕೊಟ್ಟು ಕಳಿಸುತ್ತಾರೆ, ಬ್ಯಾಗು ಕೊಡುವುದಿಲ್ಲ.

ಉಳಿದ ಬಹುಪಾಲು ಬ್ಯಾಗುಗಳು ಅಂಗಡಿಯ ಬಾಗಿಲು ದಾಟಿದ ಕ್ಷಣದಿಂದಲೇ ಬೆಲೆ ಕಳೆದುಕೊಳ್ಳುತ್ತವೆ. ಆ ಇಳಿತ ಎಲ್ಲಿ ನಿಧಾನವಾಗುತ್ತದೆ, ಯಾವಾಗ ಸ್ವಲ್ಪ ಮೇಲೇಳುತ್ತದೆ ಎಂದು ನೋಡಿ ಮಾರುವುದೇ ಇಲ್ಲಿನ ಜಾಣತನ. ಆ ಏರಿಳಿತದ ಕೀಲಿ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಬಹುಮಟ್ಟಿಗೆ ಆ ಕಂಪನಿಯ ಕೈಯಲ್ಲಿದೆ.

ಶನೆಲ್ ಕಂಪನಿಯ ಕ್ಲಾಸಿಕ್ ಫ್ಲ್ಯಾಪ್ ನೋಡಿ. ಮಧ್ಯಮ ಗಾತ್ರದ್ದಕ್ಕೆ ಅಮೆರಿಕದಲ್ಲಿ 2019ರಲ್ಲಿ 6,000 ಡಾಲರಿಗಿಂತ ಕಡಿಮೆ ಇತ್ತು. ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬೆಲೆ ಏರಿಸುತ್ತ ಹೋದರು. 2024ರ ಹೊತ್ತಿಗೆ 10,000 ಡಾಲರ್ ದಾಟಿತ್ತು. ಅಂಗಡಿಯಲ್ಲಿ ಹೊಸದರ ಬೆಲೆ ಏರಿದಾಗ, "ಅಷ್ಟು ಕೊಡಲಾರೆ, ಚೆನ್ನಾಗಿರುವ ಹಳೆಯದಿದ್ದರೆ ಸಾಕು" ಎನ್ನುವವರು ನಮ್ಮಂಥವರನ್ನು ಹುಡುಕಿಕೊಂಡು ಬರುತ್ತಾರೆ. 2019ಕ್ಕೆ ಮೊದಲು ಕೊಂಡವರು ಈ ಏರಿಕೆಯ ಬೆನ್ನ ಹಿಂದೆಯೇ ಮಾರಿದ್ದರೆ, ವರ್ಷಗಟ್ಟಲೆ ಬಳಸಿಯೂ ಕೈಗೆ ಒಳ್ಳೆಯ ದುಡ್ಡು ಬರುತ್ತಿತ್ತು. ಬೆಲೆ ಏರಿದ ಮೇಲೆ ಕೊಂಡವರಿಗೆ ಆ ಅದೃಷ್ಟವಿಲ್ಲ. ಹಾಗಾಗಿ ಮಾರಬೇಕೆಂದಿದ್ದರೆ ನಿಮ್ಮ ಮಾದರಿಯ ಹೊಸ ಬೆಲೆಯ ಮೇಲೆ ಒಂದು ಕಣ್ಣಿಡಿ. ಏರಿಸಿದರು ಎಂದು ಗೊತ್ತಾದ ತಿಂಗಳೇ ಹೊರಗೆ ತನ್ನಿ.

ಹಳೆಯದರ ಬೆಲೆ ಮೇಲೇಳುವ ಎರಡನೆಯ ಸಂದರ್ಭ ಮರುಹುಟ್ಟು. ಜಪಾನಿನ ಕಲಾವಿದ ತಕಾಶಿ ಮುರಕಾಮಿ 2003ರಲ್ಲಿ ಲೂಯಿ ವಿಟಾನ್‌ಗಾಗಿ ಬಣ್ಣಬಣ್ಣದ ಅಕ್ಷರಗಳ ಬ್ಯಾಗು ರೂಪಿಸಿದ್ದರು. ಆಗ ಸಿನಿಮಾ ನಟಿಯರೆಲ್ಲ ಅದನ್ನೇ ಹಿಡಿದು ಓಡಾಡಿದರು. ಆಮೇಲೆ ಅದು ತೀರಾ ಆಡಂಬರ ಅನ್ನಿಸಿತು, 2015ರಲ್ಲಿ ಕಂಪನಿಯೇ ನಿಲ್ಲಿಸಿತು. ಬೀರುವಿನ ಮೇಲಿನ ಸೂಟ್‌ಕೇಸು ಸೇರಿದ್ದ ಆ ಬ್ಯಾಗುಗಳನ್ನು ಮತ್ತೆ ಹುಡುಕತೊಡಗಿದ್ದು 2003ರಲ್ಲಿ ಶಾಲೆಯಲ್ಲಿದ್ದ ಹುಡುಗಿಯರು. 2025ರ ಜನವರಿಯಲ್ಲಿ ಕಂಪನಿ ಅದನ್ನೇ ಮತ್ತೆ ತಯಾರಿಸಿ ಬಿಟ್ಟಿತು. ಇಂಥ ಸುದ್ದಿ ಹಬ್ಬುವ ಹೊತ್ತೇ ಹಳೆಯದನ್ನು ಮಾರಲು ಸರಿ ಎಂದು ನನ್ನ ಅನಿಸಿಕೆ. ಹೆಸರು ಎಲ್ಲರ ಬಾಯಲ್ಲಿರುತ್ತದೆ, ಹೊಸದು ಇನ್ನೂ ಎಲ್ಲರ ಕೈಗೆ ಬಂದಿರುವುದಿಲ್ಲ. ಡಿಯೋರ್ ಕಂಪನಿಯ ಸ್ಯಾಡಲ್ ಬ್ಯಾಗು 2018ರಲ್ಲಿ ಮರಳಿ ಬಂದಾಗಲೂ ಹಳೆಯವಕ್ಕೆ ಬೇಡಿಕೆ ಎದ್ದಿತ್ತು. ವಿನ್ಯಾಸಕಾರರು ಬದಲಾದರೂ ಹೀಗಾಗುತ್ತದೆ. ಫೀಬಿ ಫೈಲೊ 2017ರ ಕೊನೆಗೆ ಸೆಲೀನ್ ಬಿಟ್ಟುಹೋದರು. ಹೊಸಬರು ಬಂದು ಕಂಪನಿಯ ಚಹರೆಯನ್ನೇ ಬದಲಿಸಿದ ಮೇಲೆ, ಫೈಲೊ ಕಾಲದ ಬ್ಯಾಗುಗಳಿಗೆ ಹುಚ್ಚು ಹತ್ತಿದವರ ಒಂದು ಪಂಗಡವೇ ಹುಟ್ಟಿತು.

ಬಣ್ಣದ ಬಗ್ಗೆ ಚುಟುಕಾಗಿ: ಕಪ್ಪು, ಕಂದು, ಬೂದು ಕಾಯುತ್ತವೆ. ಆ ವರ್ಷ ಎಲ್ಲರೂ ಹಿಡಿದ ಗಿಳಿಹಸಿರು ಕಾಯುವುದಿಲ್ಲ, ಮಾರುವುದಾದರೆ ಆ ವರ್ಷವೇ ಮಾರಿ.

ನಮ್ಮ ಊರಿನ ಪಂಚಾಂಗವೂ ಲೆಕ್ಕಕ್ಕೆ ಬರುತ್ತದೆ ಎಂದರೆ ದುಬೈಯ ಹಳೆ ಸಹೋದ್ಯೋಗಿಗಳು ನಗುತ್ತಾರೆ. ಅಲ್ಲಿ ಈದ್‌ಗೆ ಮುಂಚೆ ಓಟ ಇತ್ತಲ್ಲ, ಇಲ್ಲಿ ದಸರೆಯಿಂದ ಮದುವೆ ಸೀಸನ್ ಮುಗಿಯುವವರೆಗೆ. ಆಷಾಢದಲ್ಲಿ ನನ್ನ ಕಪಾಟಿನ ಮುಂದೆ ನಿಲ್ಲುವವರೇ ಕಡಿಮೆ. ಆಷಾಢದಲ್ಲಿ ಬ್ಯಾಗು ತಂದವರಿಗೆ ನಾನೇ ಹೇಳುತ್ತೇನೆ: ದುಡ್ಡಿಗೆ ಅವಸರವಿಲ್ಲದಿದ್ದರೆ ಗಣಪತಿ ಹಬ್ಬ ಕಳೆಯಲಿ.

ಆದರೆ ಕಾಯುವುದಕ್ಕೂ ಒಂದು ಮಿತಿ ಇದೆ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಹಾಳಾದ ಬ್ಯಾಗುಗಳನ್ನು ಕಂಡದ್ದು ಬಳಸಿದವರ ಹತ್ತಿರವಲ್ಲ, ಜೋಪಾನ ಮಾಡಿದವರ ಹತ್ತಿರ.

ದಾವಣಗೆರೆಯ ಕಡೆಯ ಒಬ್ಬ ಡಾಕ್ಟರಮ್ಮ ಬಿಳಿ ಶನೆಲ್ ತಂದಿದ್ದರು. ಕುರಿಮರಿಯ ನಯವಾದ ಚರ್ಮ. "ಒಂದು ದಿನವೂ ಹೊರಗೆ ತೆಗೆದಿಲ್ಲ ಮೇಡಂ, ಅಂಗಡಿಯಿಂದ ತಂದ ಹಾಗೇ ಇದೆ" ಎಂದರು. ತೆಗೆದು ನೋಡಿದರೆ ಪ್ಲಾಸ್ಟಿಕ್ ಕವರು, ಅದರೊಳಗೆ ಇನ್ನೊಂದು ಕವರು, ನಡುವೆ ನುಸಿಗುಳಿಗೆ. ಬಿಳಿ ಚರ್ಮ ಅಲ್ಲಲ್ಲಿ ಹಳದಿಗೆ ತಿರುಗಿತ್ತು. ಸರಪಣಿಯನ್ನು ಹಾಗೇ ಒಳಗೆ ಮಡಚಿಟ್ಟಿದ್ದರಿಂದ ಮುಚ್ಚಳದ ಮೇಲೆ ಕೊಂಡಿಗಳ ಸಾಲು ಅಚ್ಚಾಗಿ ಮೂಡಿತ್ತು. ನುಸಿಗುಳಿಗೆಯ ವಾಸನೆ ಅಸ್ತರಿಗೆ ಹತ್ತಿ ಹೋಗಿತ್ತು. ವಾಸನೆ ತೆಗೆಯುವ ಕೆಲಸ ಕಲೆ ತೆಗೆಯುವುದಕ್ಕಿಂತ ಕಷ್ಟ. ಅದೇ ವಾರ ಹೈಕೋರ್ಟಿನ ವಕೀಲೆಯೊಬ್ಬರು ದಿನಾ ಹಿಡಿದು ಓಡಾಡಿದ ಕಪ್ಪು ಶನೆಲ್ ತಂದರು. ಅದರದ್ದು ಕ್ಯಾವಿಯರ್ ಎಂದು ಕರೆಯುವ, ಕಾಳುಕಾಳಾದ ಗಟ್ಟಿ ಕರುಚರ್ಮ. ಮೂಲೆ ಸವೆದಿತ್ತು, ಅಷ್ಟೆ. ಹೆಚ್ಚು ದುಡ್ಡು ಹೋದದ್ದು ವಕೀಲೆಯವರಿಗೆ.

ಕರಾವಳಿಯ ಮಳೆಗಾಲದ ಕಥೆ ನಮ್ಮೂರಿನವರಿಗೆ ಹೇಳಬೇಕಿಲ್ಲ. ಆಟಿ ತಿಂಗಳಲ್ಲಿ ಬೀರು ತೆರೆದರೆ ಚರ್ಮದ ಚಪ್ಪಲಿಗೆ, ಬೆಲ್ಟಿಗೆ ಬಿಳಿ ಬೂಷ್ಟು ಬಂದಿರುತ್ತದೆ. ಬ್ಯಾಗಿಗೂ ಅದೇ. ಮೇಲಿನದನ್ನು ಒರೆಸಬಹುದು, ಹೊಲಿಗೆಯ ಒಳಗೆ ಇಳಿದದ್ದು ಮರುವರ್ಷ ಮತ್ತೆ ಬರುತ್ತದೆ. ಇನ್ನು ಕೆಲವು ಬ್ಯಾಗುಗಳು ತಮ್ಮಷ್ಟಕ್ಕೇ ಒಳಗಿನಿಂದ ಕರಗುತ್ತವೆ. ಲೂಯಿ ವಿಟಾನ್‌ನ 1990ರ ದಶಕದ ಕೆಲವು ಮಾದರಿಗಳ ಒಳಜೇಬಿನ ರಬ್ಬರಿನಂಥ ಅಸ್ತರು ವರ್ಷಗಳಾದಂತೆ ಅಂಟಂಟಾಗಿ ಕೈಗೆ ಹತ್ತುತ್ತದೆ. ಆಗಿನ ಗುಚ್ಚಿಯ ಅಸ್ತರು ಪುಡಿಪುಡಿಯಾಗಿ ಉದುರುತ್ತದೆ. ಹೊರಗೆ ಹೊಸದರಂತೆ ಕಾಣುವ ಬ್ಯಾಗಿನೊಳಗೆ ನಾನು ಮೊದಲು ಬೆರಳಾಡಿಸುವುದು ಇದಕ್ಕೇ.

ಹಾಗಾದರೆ ಇಡುವುದು ಹೇಗೆ? ಹಳೆಯ ಹತ್ತಿ ದಿಂಬಿನ ಕವರು ಸಾಕು, ಪ್ಲಾಸ್ಟಿಕ್ ಬೇಡ. ಒಳಗೆ ಹತ್ತಿ ಬಟ್ಟೆ ತುಂಬಿ ಆಕಾರ ಉಳಿಸಿ. ನ್ಯೂಸ್‌ಪೇಪರಿನ ಮಸಿ ಹತ್ತುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸಿ. ತಿಂಗಳಿಗೊಮ್ಮೆ ಹೊರಗೆ ತೆಗೆದು ಗಾಳಿಯಾಡಿಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಬಳಸುವಾಗಿನ ನಮ್ಮ ಮನೆಗಳ ಶತ್ರುಗಳು ಬೇರೆ: ತಲೆಯ ಕೊಬ್ಬರಿ ಎಣ್ಣೆ ಕೈಯಿಂದ ಹಿಡಿಕೆಗೆ, ಅರಿಶಿನ ಕುಂಕುಮದ ಪೊಟ್ಟಣ ಅಸ್ತರಿಗೆ, ಹೊಸ ಜೀನ್ಸಿನ ನೀಲಿ ಬ್ಯಾಗಿನ ಹಿಂಬದಿಗೆ, ಕೊರೋನಾ ಕಾಲದಲ್ಲಿ ಕೈಗೆ ಹಚ್ಚಿದ ಸ್ಯಾನಿಟೈಸರ್ ಚರ್ಮದ ಬಣ್ಣಕ್ಕೆ.

ಮಾರುವ ಮುನ್ನ "ಸ್ವಲ್ಪ ಚೆಂದ ಮಾಡಿಸೋಣ" ಎಂಬ ಆಸೆಯನ್ನು ಅದುಮಿಕೊಳ್ಳಿ. ಲೂಯಿ ವಿಟಾನ್‌ನ ಹಿಡಿಕೆ ಮತ್ತು ಅಂಚಿನ ಹಸಿ ಚರ್ಮ ಕಾಲ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕೊಳ್ಳುವವರು ಅದನ್ನು ಇಷ್ಟಪಡುತ್ತಾರೆ. ಅದನ್ನು ಕೊಳೆ ಎಂದುಕೊಂಡು ಬೇಬಿ ವೈಪ್ಸಿನಿಂದ ಉಜ್ಜಿ, ಮೇಲೆ ಶೂ ಪಾಲಿಶ್ ಹಚ್ಚಿ ತಂದವರಿದ್ದಾರೆ. ಒಣ ಬಟ್ಟೆಯಲ್ಲಿ ಒರೆಸಿ, ಒಳಗಿನ ಧೂಳು ಕೊಡವಿ, ಅಷ್ಟು ಸಾಕು. ಬಣ್ಣ ಬಳಿಸಿದ ಬ್ಯಾಗಿಗೆ ನಮ್ಮಂಥವರು ಬೆಲೆ ಇಳಿಸುತ್ತೇವೆ, ಸವೆದ ಮೂಲೆಗೆ ಇಳಿಸುವುದಕ್ಕಿಂತ ಹೆಚ್ಚು.

ಇನ್ನು ಅಸಲಿ ನಕಲಿಯ ಪ್ರಶ್ನೆ. ನಮ್ಮ ಬಜಾರುಗಳಲ್ಲಿ "ಫಸ್ಟ್ ಕಾಪಿ", "ಮಿರರ್ ಕಾಪಿ" ಎಂದು ಮಾರುವವು ಈಗ ಎಷ್ಟು ಚೆನ್ನಾಗಿವೆ ಎಂದರೆ ಒಂದು ಗುರುತು ನೋಡಿ ತೀರ್ಪು ಕೊಡುವ ಕಾಲ ಹೋಯಿತು. "ಒಳಗೆ ನಂಬರಿದೆ ನೋಡಿ" ಎನ್ನುತ್ತಾರೆ. ಲೂಯಿ ವಿಟಾನ್‌ನ ಆ ಗುರುತು ಬ್ಯಾಗಿಗೊಂದರಂತೆ ಕೊಡುವ ನಂಬರಲ್ಲ, ತಯಾರಾದ ಜಾಗ ಮತ್ತು ಕಾಲದ ಸೂಚನೆ. 2007ರ ನಂತರದ ಬ್ಯಾಗಿನಲ್ಲಿ 2109 ಎಂದಿದ್ದರೆ, ಒಂದನೇ ಮತ್ತು ಮೂರನೇ ಅಂಕೆ ಸೇರಿ 20ನೇ ವಾರ, ಎರಡನೇ ಮತ್ತು ನಾಲ್ಕನೇ ಅಂಕೆ ಸೇರಿ 2019. ಆ ವಾರ ಆ ಕಾರ್ಖಾನೆಯಲ್ಲಿ ತಯಾರಾದ ಎಷ್ಟೋ ಬ್ಯಾಗುಗಳಿಗೆ ಅದೇ ಗುರುತು. 2021ರಲ್ಲಿ ಅದನ್ನು ಬಿಟ್ಟು ಒಳಗೆ ಕಾಣದ ಚಿಪ್ ಇಡತೊಡಗಿದರು. ಶನೆಲ್ ಕೂಡ 1980ರ ದಶಕದಿಂದ ಬಳಸುತ್ತಿದ್ದ ನಂಬರಿನ ಸ್ಟಿಕ್ಕರನ್ನು ಅದೇ ವರ್ಷ ಕೈಬಿಟ್ಟು ಚಿಪ್ ಇರುವ ಲೋಹದ ತಗಡಿಗೆ ಬದಲಾಯಿತು. ಹಾಗಾಗಿ 2023ರಲ್ಲಿ ಕೊಂಡದ್ದು ಎನ್ನುವ ಶನೆಲ್ಲಿನಲ್ಲಿ ಸ್ಟಿಕ್ಕರ್ ಕಂಡರೆ ನಾನು ಬ್ಯಾಗು ಮುಚ್ಚಿ ಚಹಾ ತರಿಸುತ್ತೇನೆ. ಮುಂದಿನ ಮಾತು ಕಷ್ಟದ್ದು, ಯಾಕೆಂದರೆ ಅದು ಸಾಮಾನ್ಯವಾಗಿ ಭಾವನೋ ಗಂಡನೋ ಕೊಟ್ಟ ಉಡುಗೊರೆ.

ನೋಡುವುದು ಹೊಲಿಗೆಯನ್ನು, ಅಂಚಿನ ಬಣ್ಣವನ್ನು, ಜಿಪ್ಪಿನ ತೂಕವನ್ನು. ಶನೆಲ್ಲಿನ ಬೀಗದ ಎರಡು ಸಿ ಅಕ್ಷರಗಳಲ್ಲಿ ಮೇಲೆ ಬಲಗಡೆಯದು, ಕೆಳಗೆ ಎಡಗಡೆಯದು ಮುಂದೆ ಬಂದಿರಬೇಕು. ಹಿಂದಿನ ಜೇಬಿನ ಚೌಕುಳಿ ಬ್ಯಾಗಿನ ಚೌಕುಳಿಗೆ ಸರಿಯಾಗಿ ಕೂಡಬೇಕು. ಹರ್ಮೆಸ್ಸಿನಲ್ಲಿ ಒಬ್ಬನೇ ಕುಶಲಕರ್ಮಿ ಎರಡು ಸೂಜಿ, ಮೇಣ ಹಚ್ಚಿದ ನಾರಿನ ದಾರದಲ್ಲಿ ಕೈಯಿಂದ ಹೊಲಿಯುತ್ತಾನೆ. ಹೊಲಿಗೆ ತುಸು ಓರೆಯಾಗಿ ಬರುತ್ತದೆ, ಮೆಷಿನ್ನಿನಂತೆ ನೆಟ್ಟಗಿದ್ದರೆ ಅನುಮಾನ. ಬಟ್ಟೆ, ಚರ್ಮಗಳ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು ಕಂಪ್ಯೂಟರಿನಿಂದ ಹೋಲಿಸುವ ಎಂಟ್ರುಪಿಯಂಥ ಸಲಕರಣೆಗಳೂ ಬಂದಿವೆ. ಇಷ್ಟಾದರೂ ನಿಮ್ಮ ಬಳಿ ಅಂಗಡಿಯ ಬಿಲ್ಲು ಇದ್ದರೆ ಅರ್ಧ ಮಾತು ಉಳಿಯುತ್ತದೆ. ಬಿಲ್ಲು, ಡಬ್ಬಿ, ಬಟ್ಟೆಚೀಲ, ಬೀಗದ ಕೈ, ಹೆಗಲಿನ ಪಟ್ಟಿ: ಇವನ್ನು ಎಸೆಯಬೇಡಿ. ನಕಲಿಯನ್ನು ಅಸಲಿ ಎಂದು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. "ನನಗೆ ಗೊತ್ತಿರಲಿಲ್ಲ" ಎಂದು ಪಾರಾಗಬಹುದು ಎಂದುಕೊಂಡು ಮುಂದುವರಿಯಬೇಡಿ.

ಮಾರುವ ದಾರಿ ನಿಮ್ಮ ತಾಳ್ಮೆಯನ್ನು ನೋಡಿ ಆರಿಸಬೇಕಾದ್ದು. ಲೆಕ್ಕಕ್ಕೆ ಹಿಡಿಯೋಣ: ನಿಮ್ಮ ಬ್ಯಾಗು ಕೊನೆಗೆ 1,20,000 ರೂಪಾಯಿಗೆ ಹೋಗಬಹುದು. ಅಂಗಡಿಯವರು ಅಲ್ಲೇ ದುಡ್ಡು ಕೊಟ್ಟು ಕೊಳ್ಳುವುದಾದರೆ 70,000 ಹೇಳಿಯಾರು. ನಮ್ಮವರು ಇದನ್ನು ಸುಲಿಗೆ ಎನ್ನುತ್ತಾರೆ, ನನ್ನ ಮುಖದ ಮೇಲೇ. ಆದರೆ ಅದು ಮಾರಿಹೋಗುವವರೆಗೆ ದುಡ್ಡು ಕಟ್ಟಿಹಾಕಿಕೊಳ್ಳುವವರು, ಸ್ವಚ್ಛ ಮಾಡಿಸುವವರು, ಲಾಭದ ಭಾಗಕ್ಕೆ ಜಿಎಸ್‌ಟಿ ಕಟ್ಟುವವರು ಅವರೇ. ಕನ್ಸೈನ್‌ಮೆಂಟಿಗೆ ಬಿಟ್ಟರೆ, ಅಂದರೆ ಮಾರಿದ ಮೇಲೆ ದುಡ್ಡು ಎಂದರೆ, ಕಾಲು ಭಾಗ ಕಮಿಷನ್ ಕಳೆದು 90,000 ಕೈಸೇರುತ್ತದೆ. ಅದು ಬರುವ ವಾರದಲ್ಲೋ ಆರು ತಿಂಗಳಲ್ಲೋ ಯಾರೂ ಹೇಳಲಾರರು. ಇಲ್ಲಿ ಕಾಗದ ಓದಿ ಸಹಿ ಹಾಕಿ: ನಿಮ್ಮನ್ನು ಕೇಳದೆ ಬೆಲೆ ಇಳಿಸಬಹುದೇ, ಅವರ ಬಳಿ ಇರುವಾಗ ಕಲೆಯಾದರೆ ಯಾರು ಹೊಣೆ, ವಾಪಸು ಕೇಳಿದರೆ ಶುಲ್ಕವೆಷ್ಟು, ಮಾರಿದ ಎಷ್ಟು ದಿನಕ್ಕೆ ದುಡ್ಡು. ಒಪ್ಪಿಸುವ ಮುನ್ನ ನಾಲ್ಕೂ ಮೂಲೆ, ತಳ, ಅಸ್ತರು, ಜಿಪ್ಪು, ಒಳಗಿನ ನಂಬರು ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಸ್ವಂತವಾಗಿ ಇನ್‌ಸ್ಟಾಗ್ರಾಮಿನಲ್ಲೋ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲೋ ಹಾಕಿದರೆ 1,10,000 ಸಿಕ್ಕೀತು. "ಲಾಸ್ಟ್ ಪ್ರೈಸ್ ಹೇಳಿ ಅಕ್ಕಾ" ಎಂದು ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜುಗಳಿಗೆ ಉತ್ತರಿಸುವ ಸಹನೆ ಇರಬೇಕು. ದುಡ್ಡು ಕಳಿಸಿದ್ದೇನೆ ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ಖಾತೆಗೆ ಜಮಾ ಆದದ್ದನ್ನು ಬ್ಯಾಂಕಿನ ಆ್ಯಪಿನಲ್ಲೇ ನೋಡಿ. ದುಡ್ಡು ಹಾಕಲು ಕ್ಯುಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ" ಎಂದರೆ ಅಲ್ಲಿಗೇ ಮಾತು ಮುಗಿಸಿ. ಕೊರಿಯರ್ ಮಾಡುವುದಾದರೆ ಪ್ಯಾಕ್ ಮಾಡುವುದನ್ನು ಪೂರ್ತಿ ವಿಡಿಯೋ ಮಾಡಿಕೊಳ್ಳಿ. ಅಸಲಿ ಕಳಿಸಿದ ಮೇಲೆ ನಕಲಿ ವಾಪಸು ಬರುವ ಆಟವೂ ಇದೆ.

ಮೊಸಳೆ, ಹೆಬ್ಬಾವಿನ ಚರ್ಮದ್ದಾದರೆ ಹೊರದೇಶದ ಗಿರಾಕಿಗೆ ಸುಮ್ಮನೆ ಕಳಿಸಲಾಗದು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಡಿ ಪರವಾನಗಿ ಬೇಕು. ಆಸ್ಟ್ರೇಲಿಯಾದ ಮಹಿಳೆಯೊಬ್ಬರು ಫ್ರಾನ್ಸಿನಿಂದ ತರಿಸಿದ 26,000 ಆಸ್ಟ್ರೇಲಿಯನ್ ಡಾಲರಿನ ಮೊಸಳೆ ಚರ್ಮದ ಬ್ಯಾಗು, ಆಮದು ಪರವಾನಗಿ ಇಲ್ಲವೆಂದು ಪರ್ತ್‌ನಲ್ಲಿ ವಶವಾಗಿ ನಾಶವಾಯಿತು. ಪರವಾನಗಿಯ ಶುಲ್ಕ 70 ಡಾಲರ್. ನಮ್ಮಲ್ಲಿ ಹತ್ತು ಲಕ್ಷ ದಾಟಿದ ಹ್ಯಾಂಡ್‌ಬ್ಯಾಗನ್ನು ಅಂಗಡಿಯಲ್ಲಿ ಕೊಂಡರೆ 2025ರ ಏಪ್ರಿಲ್ 22ರಿಂದ ಶೇ. 1ರಷ್ಟು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಸಿಗುತ್ತದೆ. ಅಷ್ಟು ದೊಡ್ಡ ವ್ಯವಹಾರವಾದರೆ ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಮಾರಲೇಬೇಡಿ ಎಂದು ನಾನು ವಾಪಸು ಕಳಿಸುವ ಬ್ಯಾಗುಗಳೂ ಉಂಟು. ಕೋಚ್, ಮೈಕೆಲ್ ಕೋರ್ಸ್‌ನಂಥವು ಔಟ್‌ಲೆಟ್ಟುಗಳಲ್ಲಿ ಹೊಸದೇ ಅರ್ಧ ಬೆಲೆಗೆ ಸಿಗುವಾಗ ಹಳೆಯದನ್ನು ಯಾರು ಕೇಳುತ್ತಾರೆ? ಹಾಸನದ ನಿವೃತ್ತ ಉಪನ್ಯಾಸಕಿಯೊಬ್ಬರು ಅಮೆರಿಕದಿಂದ ಮಗ ತಂದುಕೊಟ್ಟ ಕೋಚ್ ಬ್ಯಾಗನ್ನು ಡಬ್ಬಿ ಸಮೇತ ತಂದಿದ್ದರು. ಬೆಲೆ ಹೇಳಿದೆ. "ಇಷ್ಟೇನಾ?" ಎಂದು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಯ್ಯೋ, ಇದಕ್ಕೆ ಹೆದರಿಕೊಂಡು ನಾಲ್ಕು ವರ್ಷ ಬೀರುಗೆ ಬೀಗ ಹಾಕಿಟ್ಟಿದ್ದೆನಲ್ಲೇ!" ಎಂದು ಜೊತೆಗೆ ಬಂದಿದ್ದ ತಂಗಿಗೆ ಹೇಳಿ, ಅಲ್ಲೇ ಕುಳಿತು ಹಳೆಯ ವ್ಯಾನಿಟಿ ಬ್ಯಾಗಿನ ಪರ್ಸು, ಮಾತ್ರೆ, ಛತ್ರಿ, ಬಸ್ಸಿನ ಚಿಲ್ಲರೆ ಎಲ್ಲವನ್ನೂ ಅದಕ್ಕೆ ಸುರಿದುಕೊಂಡರು. ಡಬ್ಬಿಯನ್ನು ನನಗೇ ಬಿಟ್ಟು ಹೋದರು.